ಹತ್ತು ಪ್ಲಸ್ ಹತ್ತು ಇಪ್ಪತ್ತಲ್ಲ: ಎಂಎಂಎ ಫೈಟರ್ ಸಂಬಳದ ಲೆಕ್ಕ ಹಾಕುವುದು ಹೇಗೆ?

ಭಾನುವಾರ ಬೆಳಿಗ್ಗೆ ಇಡ್ಲಿ ತಟ್ಟೆ ಹಿಡಿದು ಯುಎಫ್‌ಸಿ, ಅಂದರೆ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾಳಗ) ಫೈಟ್ ನಡೆಸುವ ಅಮೆರಿಕದ ಕಂಪನಿಯ ಪಂದ್ಯ ನೋಡಲು ಕೂತರೆ ನಮ್ಮನೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಇಷ್ಟು ಹೊಡೆಸಿಕೊಳ್ಳೋಕೆ ಇವನಿಗೆ ಎಷ್ಟು ಕೊಡ್ತಾರೆ?’ ಕೋಟಿ ಇರಬೇಕು ಅನ್ನುವುದು ಎಲ್ಲರ ಊಹೆ. ಕೋಟಿ ಎಣಿಸುವವರು ಪೋಸ್ಟರ್ ಮೇಲಿರುವ ಕೆಲವೇ ಮಂದಿ. ಜನ ಇನ್ನೂ ಸೀಟು ಹುಡುಕುತ್ತಿರುವಾಗ, ಅರ್ಧ ಖಾಲಿ ಹಾಲ್‌ನಲ್ಲಿ ಫೈಟ್ ಮಾಡುವ ಹುಡುಗನ ಲೆಕ್ಕವೇ ಬೇರೆ. ಪೆನ್ನು, ಹಾಳೆ ತಗೊಳ್ಳಿ.

ಮೊದಲು ಪರ್ಸ್, ಅಂದರೆ ಒಂದು ಫೈಟ್‌ಗೆ ಸಿಗುವ ದುಡ್ಡು, ಬರೆಯಿರಿ. ಹೊಸಬನ ಒಪ್ಪಂದ ‘10 ಪ್ಲಸ್ 10’ ಥರದ್ದು ಅಂತ ಇಟ್ಟುಕೊಳ್ಳೋಣ. ಕೇಜ್ ಒಳಗೆ ಕಾಲಿಟ್ಟಿದ್ದಕ್ಕೆ 10,000 ಡಾಲರ್, ಇದು ಶೋ. ಗೆದ್ದರೆ ಇನ್ನೊಂದು 10,000, ಇದು ವಿನ್. ಸೋತರೆ ಎರಡನೆಯದು ಇಲ್ಲ. ಹೊಡೆತ ಮಾತ್ರ ಸೋತವನಿಗೇ ಜಾಸ್ತಿ, ಅಲ್ವಾ? 2024ರ ಜೂನ್‌ನಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಆದರಲ್ಲ, ಅದು ಸ್ಪ್ಲಿಟ್ ಡಿಸಿಷನ್. ಮೂವರು ತೀರ್ಪುಗಾರರಲ್ಲಿ ಒಬ್ಬರ ಪ್ರಕಾರ ಅವರು ಸೋತಿದ್ದರು. ಇನ್ನೊಬ್ಬರಿಗೂ ಹಾಗೇ ಕಂಡಿದ್ದರೆ ಮುಗೀತು. ಶೋ-ವಿನ್ ಒಪ್ಪಂದದಲ್ಲಿ ಒಬ್ಬ ತೀರ್ಪುಗಾರನ ಪೆನ್ನಿಗೆ ಅರ್ಧ ಸಂಬಳದ ತೂಕ.

ನಮ್ಮ ಲೆಕ್ಕದ ಹುಡುಗ ಸೋತ ಅಂತಲೇ ಇಟ್ಟುಕೊಳ್ಳೋಣ. ಕೈಗೆ 10,000. ಇದಕ್ಕೆ ಬಟ್ಟೆ ದುಡ್ಡು ಸೇರಿಸಿ. 2015ರಲ್ಲಿ ಯುಎಫ್‌ಸಿ ಜೊತೆ ಒಪ್ಪಂದ ಮಾಡಿಕೊಂಡು ರೀಬಾಕ್ ಕಂಪನಿಯ ಬಟ್ಟೆ ಬಂದ ಮೇಲೆ ಫೈಟರ್‌ಗಳು ತಾವೇ ತಂದ ಸ್ಪಾನ್ಸರ್‌ಗಳ ಹೆಸರನ್ನು ಚಡ್ಡಿ ಮೇಲೆ ಹಾಕಿಕೊಳ್ಳುವಂತಿಲ್ಲ. 2021ರಿಂದ ವೆನಮ್ ಕಂಪನಿಯ ಬಟ್ಟೆ. ಅದನ್ನು ಹಾಕಿಕೊಂಡಿದ್ದಕ್ಕೆ ಹೊಸಬರಿಗೆ 4,000 ಡಾಲರ್ ಅಂತ ನಿಗದಿಯಾಯಿತು. ಒಟ್ಟು 14,000.

ಈಗ ಕಳೆಯುವ ಕೆಲಸ. ಅಮೆರಿಕದಲ್ಲಿ ಫೈಟ್ ಆದರೆ ಹೊರದೇಶದವನ ದುಡ್ಡಿನಲ್ಲಿ ಸಾಮಾನ್ಯವಾಗಿ ಶೇ 30ರಷ್ಟು ತೆರಿಗೆಯನ್ನು ಮೊದಲೇ ಹಿಡಿಯುತ್ತಾರೆ. 4,200 ಹೋಯಿತು. ಮ್ಯಾನೇಜರ್‌ಗೆ ಪರ್ಸ್‌ನ ಶೇ 10, ಕೋಚ್‌ಗೆ ಶೇ 10 ಅಂತ ಇಟ್ಟುಕೊಂಡರೆ ಇನ್ನೊಂದು 2,000. ಉಳಿದದ್ದು 7,800. ಆಮೇಲೆ ಕ್ಯಾಂಪ್, ಅಂದರೆ ಫೈಟ್‌ಗೆ ಮುಂಚಿನ ತಯಾರಿ. ಎಂಟು ವಾರ ಬೇರೆ ಊರಲ್ಲಿ ರೂಮು, ತೂಕ ಇಳಿಸುವ ಊಟ, ಫಿಸಿಯೊ, ಸ್ಪಾರಿಂಗ್‌ಗೆ (ಅಭ್ಯಾಸದ ಫೈಟ್‌ಗೆ) ಬರುವ ಹುಡುಗರ ಖರ್ಚು, ಫೈಟ್ ದಿನ ಕಾರ್ನರ್‌ನಲ್ಲಿ ನಿಂತು ಸಹಾಯ ಮಾಡುವ ಇನ್ನೊಬ್ಬನ ವಿಮಾನದ ಟಿಕೆಟ್. ಕೈ ಬಿಗಿ ಹಿಡಿದು 4,000 ಅನ್ನಿ. ಉಳಿದದ್ದು 3,800 ಡಾಲರ್. ಡಾಲರ್‌ಗೆ 85 ರೂಪಾಯಿ ಹಿಡಿದರೆ 3.23 ಲಕ್ಷ. ವರ್ಷಕ್ಕೆ ಎರಡು ಫೈಟ್ ಸಿಕ್ಕರೆ ದೊಡ್ಡದು. ಫೈಟ್‌ಗೆ ಒಪ್ಪಿಕೊಂಡ ತೂಕ ಮೀರಿದರೆ ಪರ್ಸ್‌ನಲ್ಲಿ ಶೇ 20ರಿಂದ 30 ಎದುರಾಳಿಯ ಜೇಬಿಗೆ ಹೋಗುತ್ತದೆ, ಅದನ್ನು ನಾನು ಇಲ್ಲಿ ಸೇರಿಸಿಲ್ಲ.

ಇಷ್ಟು ಮಾಡಿದ ಮೇಲೆ ‘ಕಮ್ಮಿಯಾಯ್ತು’ ಅಂದುಬಿಟ್ಟರೆ ಸಾಲದು. ಯಾವುದಕ್ಕೆ ಹೋಲಿಸಿದರೆ ಕಮ್ಮಿ? ಒಬ್ಬನ ಪರ್ಸ್ ಬಿಡಿ, ಕಂಪನಿಯ ಒಟ್ಟು ಆದಾಯದಲ್ಲಿ ಫೈಟರ್‌ಗಳ ಪಾಲು ಎಷ್ಟು ನೋಡಿ. 2024ರಲ್ಲಿ ಯುಎಫ್‌ಸಿ ಆದಾಯ ಸುಮಾರು 140 ಕೋಟಿ ಡಾಲರ್. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆದಾಯದ ಹೆಚ್ಚುಕಮ್ಮಿ ಅರ್ಧ ಆಟಗಾರರಿಗೆ ಹೋಗುತ್ತದೆ. ಯುಎಫ್‌ಸಿ ಮೇಲಿನ ಕೋರ್ಟ್ ಕೇಸಿನಲ್ಲಿ ಹೊರಬಂದ ಲೆಕ್ಕದ ಪ್ರಕಾರ ಫೈಟರ್‌ಗಳ ಪಾಲು ಐದರಲ್ಲಿ ಒಂದು ಭಾಗದ ಆಸುಪಾಸು. ಎನ್‌ಬಿಎದಲ್ಲಿ ಆಟಗಾರರ ಯೂನಿಯನ್ ಇದೆ, ಕೂತು ಚೌಕಾಸಿ ಮಾಡುತ್ತದೆ. ಇಲ್ಲಿ ಫೈಟರ್ ನೌಕರನೇ ಅಲ್ಲ, ‘ಸ್ವತಂತ್ರ ಗುತ್ತಿಗೆದಾರ’. ಆ್ಯಪ್ ಕಂಪನಿಗಳು ಡೆಲಿವರಿ ಹುಡುಗರನ್ನು ‘ಪಾರ್ಟ್ನರ್’ ಅಂತಾವಲ್ಲ, ಹಾಗೆ. ಸ್ವತಂತ್ರ, ಆದರೆ ಬೇರೆ ಕಡೆ ಫೈಟ್ ಮಾಡುವಂತಿಲ್ಲ.

ಆ ಕೇಸನ್ನು 2014ರ ಡಿಸೆಂಬರ್‌ನಲ್ಲಿ ಹಾಕಿದ್ದು ಕುಂಗ್ ಲೀ, ನೇಟ್ ಕ್ವಾರಿ, ಜಾನ್ ಫಿಚ್ ಮತ್ತಿತರ ಫೈಟರ್‌ಗಳು. ಪೈಪೋಟಿಗೆ ಯಾರೂ ಇಲ್ಲದ ಹಾಗೆ ಮಾಡಿ ನಮ್ಮ ದರ ಇಳಿಸಿದ್ದಾರೆ ಅನ್ನುವುದು ಅವರ ವಾದ. ಕಂಪನಿ ಅದನ್ನು ಒಪ್ಪಲಿಲ್ಲ. ಹತ್ತು ವರ್ಷ ಎಳೆದಾಡಿ 33.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡು ಬಂದರೆ ನ್ಯಾಯಾಧೀಶರು ಬೇಡ ಅಂದರು. ಕೊನೆಗೆ 37.5 ಕೋಟಿಗೆ ಒಪ್ಪಿಗೆ ಸಿಕ್ಕಿತು. ಅದು 2010ರ ಕೊನೆಯಿಂದ 2017ರ ಜೂನ್‌ವರೆಗೆ ಫೈಟ್ ಮಾಡಿದವರಿಗೆ ಮಾತ್ರ.

ಬಾಕ್ಸಿಂಗ್‌ನವರಿಗೆ ಅಮೆರಿಕದಲ್ಲಿ 2000ದಲ್ಲೇ ಮುಹಮ್ಮದ್ ಅಲಿ ಹೆಸರಿನ ಕಾನೂನು ಬಂತು. ಅದರ ಪ್ರಕಾರ ಪ್ರಮೋಟರ್, ಅಂದರೆ ಫೈಟ್ ಏರ್ಪಡಿಸುವವನು, ತಾನು ಆ ಫೈಟ್‌ನಿಂದ ಎಷ್ಟು ಗಳಿಸಿದೆ ಅಂತ ಬಾಕ್ಸರ್‌ಗೆ ತಿಳಿಸಬೇಕು. ಎಂಎಂಎಗೆ ಅದು ಬರಲಿಲ್ಲ. ಎದುರಿನವನ ಗಲ್ಲಾಪೆಟ್ಟಿಗೆ ಕಾಣದೆ ಚೌಕಾಸಿ ಮಾಡುವುದು ಹೇಗೆ?

ಕೊನೆಯದಾಗಿ ಒಪ್ಪಂದ ಓದಿ. ಚಾಂಪಿಯನ್ ಆದರೆ ಅವಧಿ ತಾನಾಗಿ ಮುಂದಕ್ಕೆ ಹೋಗುವ ಷರತ್ತು ಇದೆಯಾ ನೋಡಿ. ಯುಎಫ್‌ಸಿ ಚಾಂಪಿಯನ್ ಆಗಿದ್ದ ಫ್ರಾನ್ಸಿಸ್ ಎಂಗಾನೂ ಒಪ್ಪಂದ ಮುಗಿಯುವವರೆಗೂ ಕಾದು, 2023ರ ಜನವರಿಯಲ್ಲಿ ಹೆವಿವೇಟ್ ಬೆಲ್ಟ್ ಬಿಟ್ಟು ಹೊರಟರು. ಅವರು ಕೇಳಿದ್ದರಲ್ಲಿ ಎಲ್ಲ ಫೈಟರ್‌ಗಳಿಗೂ ಆರೋಗ್ಯ ವಿಮೆ ಅನ್ನುವುದೂ ಇತ್ತು.

ನಮ್ಮ ಬೀದಿಯ ಹುಡುಗನೊಬ್ಬ ಜಿಮ್‌ನಲ್ಲಿ ಎಂಎಂಎ ಕಲಿಯುತ್ತಾನೆ. ಈ ಲೆಕ್ಕವನ್ನೆಲ್ಲ ಅವನಿಗೆ ಹೇಳಿ ಮುಗಿಸುವಾಗ, ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವರಮ್ಮ ಅಂದರು: ‘ಅಲ್ಲಪ್ಪಾ, ಇವನು ತೂಕ ಇಳಿಸಿಕೊಂಡು ಹೋಗಿ ನಿಂತು, ಆ ಇನ್ನೊಬ್ಬ ಬರದೇ ಹೋದ್ರೆ?’ ನನ್ನ ಹಾಳೆಯಲ್ಲಿ ಅದು ಇರಲಿಲ್ಲ. ಸೇರಿಸಿಕೊಳ್ಳಿ: ತೂಕ ತೂಗಿಸಿದ ಮೇಲೆ ಫೈಟ್ ರದ್ದಾದರೆ ಶೋ ದುಡ್ಡು ಪೂರ್ತಿ ಕೊಡಬೇಕು ಅಂತ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಬೇಕು.