ಮಂಚ ಬೆಂಗಳೂರಲ್ಲಿ, ಮನೆ ಮೈಸೂರಲ್ಲಿ

ಬಸವನಗುಡಿಯಲ್ಲಿ ಹಳೇ ಮನೆಯೊಂದನ್ನು ಖಾಲಿ ಮಾಡುತ್ತಿದ್ದರು. ಅಲ್ಲಿದ್ದ ತೇಗದ ಮಂಚ ನನಗೆ ಹಿಡಿಸಿತು, ರೇಟೂ ಕುದುರಿತು. ಮನೆಯ ಯಜಮಾನರು, "ಒಂದು ಗೂಡ್ಸ್ ಗಾಡಿ ಮಾಡ್ಕೊಂಡು ಹಾಕ್ಕೊಂಡು ಹೋಗಮ್ಮ, ಮೈಸೂರು ಏನು ದೂರಾನಾ?" ಅಂದರು. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಅದನ್ನೇ. ನಾನು ಮಾತ್ರ ಮೊಬೈಲ್ ತೆಗೆದು, ಇದನ್ನು ಸಾಗಿಸಿದರೆ ಎಷ್ಟು ಕಾರ್ಬನ್ ಗಾಳಿಗೆ ಸೇರುತ್ತದೆ ಅಂತ ಲೆಕ್ಕ ಹಾಕುತ್ತಾ ನಿಂತೆ.

ಬೆಂಗಳೂರಿಂದ ಮೈಸೂರಿಗೆ ಸುಮಾರು 145 ಕಿ.ಮೀ. ಚಿಕ್ಕ ಗೂಡ್ಸ್ ಗಾಡಿ ಲೀಟರಿಗೆ 15 ಕಿ.ಮೀ. ಕೊಡುತ್ತದೆ ಅಂದುಕೊಳ್ಳಿ. ಮಂಚ ಇಳಿಸಿದ ಮೇಲೆ ಡ್ರೈವರ್ ನಮ್ಮನೆ ಮುಂದೇನೂ ಉಳಿಯುವುದಿಲ್ಲ, ಖಾಲಿ ಗಾಡಿ ಹೊಡ್ಕೊಂಡು ವಾಪಸ್ ಹೋಗಬೇಕು. ಅಲ್ಲಿಗೆ 290 ಕಿ.ಮೀ., 19 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬರುತ್ತದೆ (ನಾನು ಬರೀ ಕಾರ್ಬನ್ ಅಂದರೂ ಇದೇ). ಒಟ್ಟು 50 ಕೆ.ಜಿ.ಗೂ ಮೇಲಾಯಿತು. ಮಂಚದ ತೂಕವೇ ಹೆಚ್ಚೆಂದರೆ 60 ಕೆ.ಜಿ. ಇದ್ದೀತು!

ಅದೇ ಮಂಚ ಬೇರೆಯವರ ಸಾಮಾನಿನ ಜೊತೆ ದೊಡ್ಡ ಲಾರಿಯಲ್ಲಿ ಬಂದರೆ? ಲೋಡ್ ತುಂಬಿದ ಲಾರಿ ಒಂದು ಟನ್ ಸಾಮಾನನ್ನು ಒಂದು ಕಿ.ಮೀ. ಒಯ್ಯಲು ಹೆಚ್ಚುಕಮ್ಮಿ 100 ಗ್ರಾಂ ಕಾರ್ಬನ್ ಉಗುಳುತ್ತದೆ. ನನ್ನ ಮಂಚದ ಪಾಲಿಗೆ ಒಂದು ಕೆ.ಜಿ.ಯೂ ಬರುವುದಿಲ್ಲ. ಎರಡೂ ಊರಲ್ಲಿ ಗೂಡ್ಸ್ ಆಟೋ ಓಡಾಡಿದ್ದನ್ನು ಸೇರಿಸಿದರೂ ಐದು ಕೆ.ಜಿ. ಆಸುಪಾಸು. ಹಳೇ ಸಾಮಾನು ಕೊಳ್ಳುವವರು ದೂರ ಎಷ್ಟು ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು ಗಾಡಿ ತುಂಬಿದೆಯಾ, ಖಾಲಿಯಾ ಅಂತ.

ಹಾಗಾಗಿ ಕಲಾಸಿಪಾಳ್ಯಕ್ಕೆ ಹೋದೆ. ಅಲ್ಲಿನ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಮೈಸೂರಿಗೆ ಪಾರ್ಟ್ ಲೋಡ್, ಅಂದರೆ ಬೇರೆಯವರ ಸಾಮಾನಿನ ಜೊತೆ ನಮ್ಮದನ್ನೂ ಹಾಕಿಸುವುದು ದೊಡ್ಡ ವಿಷಯವೇ ಅಲ್ಲ. ಸಾಮಾನು ಒಪ್ಪಿಸಿದ್ದಕ್ಕೆ ಎಲ್‌ಆರ್ ಕಾಪಿ ಅನ್ನುವ ರಸೀದಿ ಕೊಡುತ್ತಾರೆ, "ಟು ಪೇ" ಅಂತ ಬರೆಸಿದರೆ ಬಾಡಿಗೆಯನ್ನು ಮೈಸೂರಲ್ಲಿ ಸಾಮಾನು ಬಿಡಿಸಿಕೊಳ್ಳುವಾಗ ಕೊಟ್ಟರಾಯಿತು. ಹಮಾಲಿ ಬೇರೆ. ಅರ್ಜೆಂಟ್ ಇರಬಾರದು, ಅಷ್ಟೇ. ಲೋಡ್ ಆದಾಗ ಲಾರಿ ಹೊರಡುತ್ತದೆ. "ನಾಳೇನೇ ಬೇಕು" ಅಂದರೆ ಮತ್ತೆ ಅರ್ಧ ಖಾಲಿ ಗಾಡಿಯೇ ಗತಿ.

ಮಂಚವನ್ನು ಬಿಚ್ಚದೆ ಕಳಿಸಬೇಡಿ. ಹಾಗೇ ಇಟ್ಟರೆ ಲಾರಿಯಲ್ಲಿ ಸುಮ್ನೆ ಗಾಳಿಗೆ ಜಾಗ ಕೊಟ್ಟ ಹಾಗೆ, ಆಫೀಸಿನವರು ಜಾಗಕ್ಕೂ ಚಾರ್ಜ್ ಮಾಡುತ್ತಾರೆ. ಬಿಚ್ಚುವ ಮೊದಲು ಪ್ರತಿ ಸಂದಿಯ ಎರಡೂ ಕಡೆ ಸೀಮೆಸುಣ್ಣದಲ್ಲಿ ಒಂದೇ ನಂಬರ್ ಬರೆದೆ. ಹಳೇ ಬಡಗಿಗಳು ಒಂದೊಂದು ಸಂದಿಯನ್ನೂ ಕೈಯಲ್ಲೇ ಕೆತ್ತಿ ಕೂರಿಸಿರುತ್ತಾರೆ, ಒಂದರ ಪಟ್ಟಿ ಇನ್ನೊಂದಕ್ಕೆ ಕೂರುವುದಿಲ್ಲ. ಬೋಲ್ಟುಗಳನ್ನೆಲ್ಲ ಹಳೇ ಸಾಕ್ಸಿಗೆ ಹಾಕಿ ತಲೆಭಾಗದ ಹಲಗೆಗೇ ಬಿಗಿದೆ. ಬಬಲ್ ರ‍್ಯಾಪ್, ಥರ್ಮಾಕೋಲ್ ಯಾವುದೂ ಬೇಕಾಗಲಿಲ್ಲ. ಮೂಲೆಗಳಿಗೆ ಗೋಣಿಚೀಲ, ಅದರ ಮೇಲೆ ಹಳೇ ಬೆಡ್‌ಶೀಟು, ಆಮೇಲೆ ಸುತ್ತ ಹುರಿ. ಮೈಸೂರಲ್ಲಿ ಬಿಚ್ಚಿದಾಗ ಪಾಲಿಶ್ ಮೇಲೆ ಒಂದು ಗೀರೂ ಇರಲಿಲ್ಲ.

ಇಷ್ಟೆಲ್ಲ ಮಾಡುವ ಮೊದಲು ನೋಡಬೇಕಾದ್ದು ಎರಡಿವೆ. ಮಂಚದ ಕೆಳಗೆ ನೆಲದ ಮೇಲೆ ಸಣ್ಣ ಹಿಟ್ಟು ಉದುರಿದ್ದರೆ ಕುಟ್ಟೆ ಹಿಡಿದಿದೆ ಅಂತ ಲೆಕ್ಕ. ಸಂದಿಗಳಿಗೆ ಟಾರ್ಚ್ ಬಿಟ್ಟಾಗ ಕಪ್ಪು ಚುಕ್ಕೆಗಳು ಕಂಡರೆ ತಿಗಣೆ ಇದೆ. ತಿಗಣೆಗೆ ಸಂದಿ ಸಂದಿಗೂ ಕುದಿಯುವ ನೀರು ಹುಯ್ದು ಬಿಸಿಲಿಗೆ ಹಾಕಿ ಹೋರಾಡಬಹುದು. ಕುಟ್ಟೆ ಒಳಗಿನ ತನಕ ಹೋಗಿದ್ದರೆ ಮಂಚವನ್ನು ಅಲ್ಲೇ ಬಿಟ್ಟುಬಿಡಿ. ತಂದು ವರ್ಷದೊಳಗೆ ಎಸೆದರೆ ಕೊಟ್ಟ ದುಡ್ಡೂ ದಂಡ, ಉರಿದ ಡೀಸೆಲ್ಲೂ ದಂಡ.

ಲ್ಯಾಪ್‌ಟಾಪ್ ಕಥೆಯೇ ಬೇರೆ. ಒಂದು ಲ್ಯಾಪ್‌ಟಾಪ್ ತಯಾರಾಗುವಷ್ಟರಲ್ಲೇ 200 ಕೆ.ಜಿ. ಆಸುಪಾಸು ಕಾರ್ಬನ್ ಖರ್ಚಾಗಿರುತ್ತದೆ. ನಾವು ಅದನ್ನು ವರ್ಷಗಟ್ಟಲೆ ಬಳಸಿ ಸುಡುವ ಕರೆಂಟಿಗಿಂತ ಇದೇ ಜಾಸ್ತಿ. ಎರಡು ಕೆ.ಜಿ. ತೂಕದ ಹಳೇ ಲ್ಯಾಪ್‌ಟಾಪನ್ನು ದೆಹಲಿಯಿಂದ ವಿಮಾನದಲ್ಲಿ ತರಿಸಿದರೂ ಆಗುವುದು ಎರಡರಿಂದ ನಾಲ್ಕು ಕೆ.ಜಿ. ಅಷ್ಟೇ. ಅಂದರೆ ಫೋನು, ಲ್ಯಾಪ್‌ಟಾಪು ಎಲ್ಲಿಂದ ಬಂದರೂ ಹೊಸದಕ್ಕಿಂತ ಹಳೆಯದೇ ಮೇಲು. ನಾನು ನನ್ನದನ್ನು ಎಸ್‌.ಪಿ. ರೋಡಿನಿಂದ ತಂದೆ. ಬೆಂಗಳೂರಿನ ಆಫೀಸುಗಳು ಮೂರ್ನಾಲ್ಕು ವರ್ಷಕ್ಕೊಮ್ಮೆ ಸಾರಾಸಗಟಾಗಿ ಬದಲಾಯಿಸುವ ಲ್ಯಾಪ್‌ಟಾಪುಗಳು ಅಲ್ಲಿ ಬೇಕಾದಷ್ಟು ಸಿಗುತ್ತವೆ. ದೂರದಿಂದ ತರಿಸುವುದಾದರೆ ಮೊದಲೇ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ, ಹೊಸದರಲ್ಲಿ ಕೆಪಾಸಿಟಿ ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಅಂತ ಫೋಟೋ ಕೇಳಿ. ಸರಿಯಿಲ್ಲ ಅಂತ ವಾಪಸ್ ಕಳಿಸಿದರೆ ಸಾಗಣೆ ಎರಡು ಪಟ್ಟು.

ಫ್ರಿಜ್ ಮಾತ್ರ ನಾನು ಹೊಸದೇ ತಗೊಂಡೆ. ಪಕ್ಕದ ಬೀದಿಯಲ್ಲೇ ಹಳೆಯದೊಂದು ಸಿಗುತ್ತಿತ್ತು, ಸಾಗಿಸುವ ಖರ್ಚೇ ಇರಲಿಲ್ಲ. ಆದರೆ ಹಳೇ ಫ್ರಿಜ್ಜು ಹೊಸದಕ್ಕಿಂತ ವರ್ಷಕ್ಕೆ 200 ಯೂನಿಟ್ ಜಾಸ್ತಿ ತಿಂದರೆ, ನಮ್ಮ ದೇಶದ ಕರೆಂಟಿನ ಲೆಕ್ಕದಲ್ಲಿ ಸುಮಾರು 140 ಕೆ.ಜಿ. ಕಾರ್ಬನ್, ಅದೂ ಪ್ರತಿ ವರ್ಷ. ಬಾಗಿಲ ಮೇಲಿನ ಸ್ಟಾರ್ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ. ನಕ್ಷತ್ರ ಎಣಿಸಬೇಡಿ, ಆ ನಂಬರ್ ಓದಿ. ಯಾಕೆಂದರೆ ಸ್ಟಾರ್ ಕೊಡುವ ಅಳತೆ ಕಾಲಕಾಲಕ್ಕೆ ಬಿಗಿಯಾಗುತ್ತಾ ಬಂದಿದೆ, ಹಳೇ ಐದು ಸ್ಟಾರು ಇವತ್ತಿನ ಐದು ಸ್ಟಾರಿಗೆ ಸಮ ಅಲ್ಲ.

ಹಳೇ ಪುಸ್ತಕಗಳಿಗೆ ಬೆಂಗಳೂರಿನ ಅವೆನ್ಯೂ ರೋಡ್. ಬೆಂಗಳೂರಿಗೆ ಕೆಲಸದ ಮೇಲೆ ನಾನು ಹೆಂಗೂ ಹೋಗಿ ಬರುವವಳು, ರೈಲಿನ ಸೆಕೆಂಡ್ ಕ್ಲಾಸಿನಲ್ಲಿ 35 ಕೆ.ಜಿ. ತನಕ ಲಗೇಜಿಗೆ ದುಡ್ಡಿಲ್ಲ. ಆಗದಿದ್ದರೆ ಕೆಎಸ್‌ಆರ್‌ಟಿಸಿಯ "ನಮ್ಮ ಕಾರ್ಗೋ" ಇದೆ, 2021ರಲ್ಲಿ ಶುರುವಾದದ್ದು. ಬಸ್ಸು ಹೆಂಗೂ ಓಡುತ್ತದೆ, ನನ್ನ ಮೂಟೆ ಅದರಲ್ಲಿ ಬಂದರೆ ಏನೂ ನಷ್ಟವಿಲ್ಲ ಅನಿಸುತ್ತದೆ. ಪೂರ್ತಿ ನಿಜ ಅಲ್ಲ. ತೂಕಕ್ಕೆ ತಕ್ಕ ಹಾಗೆ ಡೀಸೆಲ್ ಕುಡಿಯುತ್ತದೆ, ಎಲ್ಲರೂ ಹಾಗೇ ಕಳಿಸಿದರೆ ಪಾರ್ಸಲ್ಲಿಗೇ ಇನ್ನೊಂದು ಗಾಡಿ ಬಿಡಬೇಕಾಗುತ್ತದೆ. ಆದರೂ ಪುಸ್ತಕಕ್ಕೆಂದೇ ಒಂದು ಗಾಡಿ ಮಾಡುವುದಕ್ಕಿಂತ ಎಷ್ಟೋ ವಾಸಿ.

ಲೆಕ್ಕಕ್ಕೇ ಬಾರದ ಖರ್ಚು ಇನ್ನೊಂದಿದೆ. ನೋಡೋಕೆ ಹೋಗುವುದು! ಮಂಡ್ಯದಲ್ಲಿ ಒಂದು ಬೆತ್ತದ ಕುರ್ಚಿ ಇದೆಯಂತೆ ಅಂತ ಮೈಸೂರಿಂದ ಕಾರಲ್ಲಿ ಹೋಗಿ, ಬೇಡ ಅನ್ನಿಸಿ ಬರಿಗೈಲಿ ಬಂದರೆ 90 ಕಿ.ಮೀ. ಆಯಿತು. ಆರು ಲೀಟರ್ ಪೆಟ್ರೋಲ್, ಸುಮಾರು 14 ಕೆ.ಜಿ. ಕಾರ್ಬನ್. ನನ್ನ ಮಂಚ ಬೆಂಗಳೂರಿಂದ ಬಂದದ್ದಕ್ಕಿಂತ ಇದೇ ಜಾಸ್ತಿ. ಅದಕ್ಕೇ ಈಗ ವಿಡಿಯೋ ಕಾಲ್ ಮಾಡದೆ ಹೊರಡುವುದಿಲ್ಲ. ಕುರ್ಚಿಯಾದರೆ ಮಗುಚಿ ಹಾಕಿ ತೋರಿಸಿ ಅನ್ನುತ್ತೇನೆ. ಆಮೇಲೆ ಅದರ ಮೇಲೆ ಕೂತು ಅಲ್ಲಾಡಿ ಅನ್ನುತ್ತೇನೆ, ಕಿರ್ರ್ ಅನ್ನುವುದು ಫೋನಲ್ಲೂ ಕೇಳುತ್ತದೆ. ಮಾರುವವರು ಸ್ವಲ್ಪ ನಗುತ್ತಾರೆ, ಆದರೂ ಮಾಡುತ್ತಾರೆ.

ಸದ್ಯಕ್ಕೆ ಹೊಲಿಗೆ ಮಿಷನ್ ಒಂದರ ಮಾತು ನಡೆಯುತ್ತಿದೆ. ಶಿವಮೊಗ್ಗದವರದು. ಕಾಲಲ್ಲಿ ತುಳಿಯುವಂಥದ್ದು, ಕಬ್ಬಿಣದ ಸ್ಟ್ಯಾಂಡ್ ಎತ್ತಲಾರದಷ್ಟು ಭಾರ. "ಮೇಲಿನ ಮಿಷನ್ ಮಾತ್ರ ಬಸ್ಸಿಗೆ ಹಾಕಿಬಿಡಿ ಸಾರ್, ಸ್ಟ್ಯಾಂಡು ನಮ್ಮೂರಿನ ಗುಜರಿಯಲ್ಲೇ ಸಿಗುತ್ತೆ" ಅಂದಿದ್ದೇನೆ. ಸ್ಟ್ಯಾಂಡ್ ಉಳಿದರೆ ನಾನೇನು ಮಾಡಲಿ ಅಂತ ಅವರು ಯೋಚಿಸುತ್ತಿದ್ದಾರೆ. ಮೇಲೊಂದು ಕಡಪ ಕಲ್ಲು ಕೂರಿಸಿದರೆ ಒಳ್ಳೇ ಟೇಬಲ್ ಆಗುತ್ತೆ ಅಂತ ಹೇಳಿ ನೋಡಬೇಕು.