ತ್ರಿಶಂಕುವನ್ನು ನಮ್ಮೂರಿಂದಲೇ ನೋಡುವುದು ಹೇಗೆ

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಬಾವುಟದ ಮೇಲಿರುವ ಆ ನಕ್ಷತ್ರಗಳನ್ನು ನೋಡಲು ವಿಮಾನ ಹತ್ತಬೇಕಿಲ್ಲ, ಕರ್ನಾಟಕದಿಂದಲೇ ಕಾಣುತ್ತವೆ. ವಿಶ್ವಾಮಿತ್ರರ ಹಟಕ್ಕೆ ಸಿಕ್ಕಿ ಮೇಲೂ ಹೋಗದೆ ಕೆಳಗೂ ಬಾರದೆ ನೇತಾಡಿದ ತ್ರಿಶಂಕು ಅಂತ ನಮ್ಮವರು ಹೇಳುವುದು ಇದನ್ನೇ. ಆಕಾಶದ 88 ಪುಂಜಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಕೈ ಚಾಚಿದರೆ ನಾಲ್ಕು ಬೆರಳಿನ ಹಿಂದೆ ಅಡಗಿಹೋಗುತ್ತದೆ.

ಹೊತ್ತು ತಪ್ಪಿದರೆ ಸಿಗುವುದಿಲ್ಲ. ಮೇ ಮಧ್ಯದಲ್ಲಿ ರಾತ್ರಿ ಒಂಬತ್ತೂಕಾಲರ ಸುಮಾರಿಗೆ ಅದು ನೇರ ದಕ್ಷಿಣದಲ್ಲಿ ನೆಟ್ಟಗೆ ನಿಂತಿರುತ್ತದೆ. ಏಪ್ರಿಲ್ ಮಧ್ಯದಲ್ಲಾದರೆ ಹನ್ನೊಂದೂಕಾಲು. ಜೂನ್‌ನಲ್ಲಿ ಎಂಟು ಗಂಟೆಗೂ ಮೊದಲೇ ಸಿಗುತ್ತದೆ, ಆದರೆ ಮುಂಗಾರು ಮೋಡ ಬಿಡಬೇಕಲ್ವಾ? ನನ್ನ ಕೇಳಿದರೆ, ಮೇ ತಿಂಗಳಲ್ಲಿ ಒಂದು ಜೋರು ಮಳೆ ಬಿದ್ದು ಧೂಳೆಲ್ಲ ತೊಳೆದುಹೋದ ಮರುದಿನ ರಾತ್ರಿಗಿಂತ ಒಳ್ಳೆಯದು ಇಲ್ಲ.

ಬೆಂಗಳೂರಿನಲ್ಲಿ ಇದರ ಬುಡದ ನಕ್ಷತ್ರ ಅಕ್ರಕ್ಸ್ ಹೆಚ್ಚೆಂದರೆ 14 ಡಿಗ್ರಿ ಏರುತ್ತದೆ, ಅಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿ. ಬೀದರ್‌ನಲ್ಲಿ ಬರೀ 9. ಎದುರು ಮನೆಯ ನೀರಿನ ಟ್ಯಾಂಕು ಸಾಕು ಮರೆಯಾಗಲು. ಹಾಗಾಗಿ ಊರಿನ ದಕ್ಷಿಣ ಅಂಚಿಗೆ ಹೋಗಿ, ಆಗ ಊರಿನ ಬೆಳಕು ಬೆನ್ನ ಹಿಂದೆ ಉಳಿಯುತ್ತದೆ.

ಈಗ ಹುಡುಕುವುದು. ದಕ್ಷಿಣಕ್ಕೆ ಮುಖ ಮಾಡಿ ಮೇಲೆ ನೋಡಿ, ನಾಲ್ಕು ನಕ್ಷತ್ರಗಳ ಸೊಟ್ಟ ಚೌಕ ಕಾಣುತ್ತದೆ, ಅದು ಹಸ್ತಾ. ಅದರ ಎಡಗಡೆಯ ಎರಡು ನಕ್ಷತ್ರಗಳನ್ನು ಸೇರಿಸಿ ಗೆರೆಯನ್ನು ಹಾಗೇ ಕೆಳಗೆ ಎಳೆಯಿರಿ. ಸುಮಾರು ಮೂರೂವರೆ ಮುಷ್ಟಿ ಇಳಿದ ಮೇಲೆ ಸಣ್ಣ ಗಾಳಿಪಟದಂಥದ್ದು ಸಿಗುತ್ತದೆ. ಅದರ ತಲೆಯ ಗ್ಯಾಕ್ರಕ್ಸ್ ಕೆಂಪು, ಉಳಿದವು ನೀಲಿ ಬಿಳುಪು. ಬಲಗಡೆಯದು ಸ್ವಲ್ಪ ಮಂಕು, ಗಾಬರಿ ಬೇಡ. ಐದನೆಯದೊಂದು ಬಲ ಕೆಳಗಡೆ ಇದೆ, ಪೇಟೆ ಬೆಳಕಿನಲ್ಲಿ ಕಾಣುವುದು ಕಷ್ಟ.

ಇದೇನಾ ಅಂತ ಅನುಮಾನ ಬಂದರೆ ಎಡಕ್ಕೆ, ತುಸು ತಗ್ಗಿನಲ್ಲಿ ನೋಡಿ. ಎರಡು ಪ್ರಖರ ನಕ್ಷತ್ರ ಅಕ್ಕಪಕ್ಕ ಇರಬೇಕು: ತ್ರಿಶಂಕುವಿನಿಂದ ದೂರಕ್ಕೆ ಕಾಣುವುದು ಆಲ್ಫಾ ಸೆಂಟಾರಿ, ಹತ್ತಿರಕ್ಕೆ ಕಾಣುವುದು ಬೀಟಾ ಸೆಂಟಾರಿ. ಈ ಜೋಡಿ ಇಲ್ಲದಿದ್ದರೆ ನೀವು ನೋಡುತ್ತಿರುವುದು ಬಲಕ್ಕಿರುವ ಸುಳ್ಳು ಶಿಲುಬೆ, ಅಂದರೆ ತ್ರಿಶಂಕುವಿನ ಹಾಗೇ ಶಿಲುಬೆಯಂತೆ ಕಾಣುವ ಬೇರೆ ನಾಲ್ಕು ನಕ್ಷತ್ರ. ಅದು ಇನ್ನೂ ದೊಡ್ಡದು, ಜಾಸ್ತಿ ಮಂಕು. ಮೊದಲ ಸಲ ನೋಡುವವರು ಮೋಸ ಹೋಗುವುದೇ ಅಲ್ಲಿ.

ಬೈನಾಕ್ಯುಲರ್ ಇದ್ದರೆ ತ್ರಿಶಂಕುವಿನ ಎಡಗಡೆಯ ನಕ್ಷತ್ರ ಮಿಮೋಸಾಕ್ಕೆ ಗುರಿಯಿಡಿ. ಅದರ ಪಕ್ಕದಲ್ಲೇ, ತುಸು ಕೆಳಗೆ, ಜ್ಯುವೆಲ್ ಬಾಕ್ಸ್ ಅನ್ನುವ ಪುಟ್ಟ ನಕ್ಷತ್ರಗುಚ್ಛ ಇದೆ. ಕೈ ನಡುಗದಂತೆ ಮೊಣಕೈಯನ್ನು ಟೆರೇಸಿನ ಗೋಡೆಗೆ ಒರಗಿಸಿಕೊಳ್ಳಿ.