ಕೈಮರದ ಲಾಡ್ಜ್‌ನಲ್ಲಿ ಫೈರ್ ಅಲಾರಂ: ಕಮಿಷನಿಂಗ್‌ಗೆ ಮುಂಚಿನ ಕೆಲಸ

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಕಡೆ ಹೋಗುವಾಗ ಕೈಮರ ಸಿಗುತ್ತದೆ. ಅಲ್ಲಿಗೆ ಹತ್ತಿರದ ಒಂದು ಹೊಸ ಲಾಡ್ಜ್‌ಗೆ ಫೈರ್ ಅಲಾರಂ ಹಾಕಿದೆವು. ಅಡ್ರೆಸ್ಸಬಲ್ ಪ್ಯಾನೆಲ್, ಅಂದರೆ ಯಾವ ಡಿಟೆಕ್ಟರ್ ಅಲಾರಂ ಕೊಟ್ಟಿತು ಅಂತ ಅದರದ್ದೇ ಅಡ್ರೆಸ್ (ನಂಬರ್) ಸಮೇತ ತೋರಿಸುವ ಪೆಟ್ಟಿಗೆ. ಡಿಟೆಕ್ಟರ್‌ಗಳನ್ನು ಅದಕ್ಕೆ ಜೋಡಿಸುವ ಕೇಬಲ್ ಸುತ್ತು, ಅಂದರೆ ಲೂಪ್, ಎರಡು. ಕಮಿಷನಿಂಗ್ ಅಂದರೆ ಪ್ಯಾನೆಲ್ ಆನ್ ಮಾಡಿ, ಹೂಟರ್ ಕೂಗಿಸಿ, ಸಹಿ ಹಾಕಿಸಿಕೊಳ್ಳೋದು ಅಂತ ಮಾಲೀಕರು ಅಂದುಕೊಂಡಿರುತ್ತಾರೆ. ನಮ್ಮ ಬೆವರು ಇಳಿಯುವುದು ಅದಕ್ಕೆ ಮುಂಚೆ.

ಮೊದಲು ಕೇಬಲ್. ಪ್ಯಾನೆಲ್‌ಗೂ ಕೊಡದೆ, ಡಿಟೆಕ್ಟರ್‌ಗಳನ್ನೂ ಕೂರಿಸದೆ, ಬರೀ ಕೇಬಲ್‌ಗೆ 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಷನ್ ಸರಿ ಇದೆಯಾ ಅಂತ ನೋಡುವ ಮೀಟರ್) ಹಾಕಿದೆವು. ಡಿಟೆಕ್ಟರ್ ಇದ್ದಾಗ ಮೆಗ್ಗರ್ ಹಾಕಿದರೆ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಒಂದನೇ ಲೂಪ್ ಚೆನ್ನಾಗಿತ್ತು. ಎರಡನೆಯದರಲ್ಲಿ ವೈರಿಗೂ ಅರ್ತ್‌ಗೂ ನಡುವೆ ಅರ್ಧ ಮೆಗಾಓಮ್ ಕೂಡ ಬರಲಿಲ್ಲ, ಅಂದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಜುಲೈ ಮಳೆ ಬೇರೆ. ಲೈನನ್ನು ಮಧ್ಯದಲ್ಲಿ ಬಿಚ್ಚಿ, ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾ ಹೋದಾಗ ಪೋರ್ಟಿಕೋದ ಹೊರಗೋಡೆಯ ಜಂಕ್ಷನ್ ಬಾಕ್ಸ್ ಸಿಕ್ಕಿತು. ಪೈಪು ಮೇಲಿನಿಂದ ಬಾಕ್ಸಿಗೆ ಇಳಿದಿತ್ತು. ಮುಚ್ಚಳ ತೆಗೆದರೆ ತಳದಲ್ಲಿ ನೀರು, ಟರ್ಮಿನಲ್ ಮೇಲೆ ಹಸಿರು ಕಿಲುಬು. ಬಾಕ್ಸ್ ಬದಲಿಸಿ, ಪೈಪು ಕೆಳಗಿನಿಂದ ಬರುವ ಹಾಗೆ ಮಾಡಿ, ನೀರು ಒಳಗೆ ಹೋಗದ ಹಾಗೆ ಗ್ಲ್ಯಾಂಡ್ ಹಾಕಿ ಬಿಗಿ ಮಾಡಿದೆವು. ಮಲೆನಾಡಲ್ಲಿ ಹೊರಗೋಡೆಗೆ ಮೇಲಿನಿಂದ ಪೈಪು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ಆಮೇಲೆ ಧೂಳು. ಪೇಂಟರ್‌ಗಳು ಪುಟ್ಟಿ ಉಜ್ಜಿ ಮುಗಿಸುವ ತನಕ ಡಿಟೆಕ್ಟರ್‌ಗಳ ಪ್ಲಾಸ್ಟಿಕ್ ಟೋಪಿ ತೆಗೆಯಲು ಬಿಡಲಿಲ್ಲ. ಕೊನೆಗೆ ತೆಗೆದಾಗ ಎಣಿಸಿದೆವು. ಒಂದು ಟೋಪಿ ಉಳಿದರೂ ಆ ರೂಮಿನ ಹೊಗೆ ಪ್ಯಾನೆಲ್‌ಗೆ ಗೊತ್ತಾಗಲ್ಲ.

ಇಲ್ಲಿನ ಇನ್ನೊಂದು ಕಾಟ ಮಂಜು. ಸ್ಮೋಕ್ ಡಿಟೆಕ್ಟರ್ ಒಳಗೆ ಒಂದು ಸಣ್ಣ ಬೆಳಕಿರುತ್ತದೆ. ಹೊಗೆ ಆ ಬೆಳಕನ್ನು ಚೆದುರಿಸಿದಾಗ ಅಲಾರಂ. ಮಂಜಿನ ಹನಿಯೂ ಬಿಸಿನೀರಿನ ಹಬೆಯೂ ಅದನ್ನೇ ಮಾಡುತ್ತವೆ. ಹಾಗಾಗಿ ಬಚ್ಚಲುಮನೆ ಬಾಗಿಲ ನೆತ್ತಿಯ ಮೇಲಿದ್ದ ಡಿಟೆಕ್ಟರ್‌ಗಳನ್ನು ಮಂಚದ ಕಡೆಗೆ ಸರಿಸಿದೆವು. ಅಡುಗೆಮನೆಗೆ ಹೀಟ್ ಡಿಟೆಕ್ಟರ್ ಕೊಟ್ಟೆವು. ಒಗ್ಗರಣೆಗೆಲ್ಲ ಅಲಾರಂ ಕೂಗಿದರೆ ಯಾರಾದರೂ ಅದನ್ನು ಬಂದ್ ಮಾಡಿಬಿಡ್ತಾರೆ, ಅಲ್ವಾ?

ಕರೆಂಟ್ ಹೋದಾಗ ಪ್ಯಾನೆಲ್ ಓಡಿಸುವ ಬ್ಯಾಟರಿಯ ಲೆಕ್ಕವನ್ನು ನಾನೇ ಹಾಕುತ್ತೇನೆ. ಸುಮ್ನೆ ಇದ್ದಾಗ ಪ್ಯಾನೆಲ್ ಎಳೆಯುವುದು 0.35 ಆಂಪಿಯರ್, 24 ಗಂಟೆಗೆ 8.4 ಆಂಪಿಯರ್-ಅವರ್ (ಎಎಚ್). ಹೂಟರ್‌ಗಳು ಕೂಗುವಾಗ 1.2, ಅರ್ಧ ಗಂಟೆಗೆ 0.6. ಒಟ್ಟು 9. ಬ್ಯಾಟರಿ ಹಳೆಯದಾದಂತೆ ಶಕ್ತಿ ಕುಗ್ಗುತ್ತದೆ, ಅದಕ್ಕೆ ಕಾಲು ಭಾಗ ಸೇರಿಸಿದರೆ 11.25. ಅಂಗಡಿಯಿಂದ ಬಂದಿದ್ದು 7 ಎಎಚ್. ವಾಪಸ್ ಕಳಿಸಿ, 12 ವೋಲ್ಟಿನ 12 ಎಎಚ್ ಬ್ಯಾಟರಿ ಎರಡು ತರಿಸಿದೆವು. ಸೀರೀಸ್‌ನಲ್ಲಿ ಕೊಟ್ಟರೆ 24 ವೋಲ್ಟ್.

ಪ್ಯಾನೆಲ್‌ನಲ್ಲಿ ಕಾಣುವ ಹೆಸರುಗಳಿಗೆ ಅರ್ಧ ದಿನ ಹೋಯಿತು. ಡ್ರಾಯಿಂಗ್‌ನಲ್ಲಿದ್ದ ರೂಮ್ ನಂಬರ್‌ಗಳನ್ನು ಮಾಲೀಕರು ಆಮೇಲೆ ಬದಲಿಸಿದ್ದರು. ರಾತ್ರಿ ಪಾಳಿಯ ಹುಡುಗನ ಜೊತೆ ಪ್ರತಿ ಬಾಗಿಲಿಗೂ ಹೋಗಿ, ಅಡ್ರೆಸ್ ನೋಡಿ, ಅವನು ಕರೆಯುವ ಹೆಸರನ್ನೇ ಬರೆದುಕೊಂಡೆ. 'ಲಿನನ್ ಸ್ಟೋರ್' ಅವನ ಬಾಯಲ್ಲಿ 'ಬೆಡ್‌ಶೀಟ್ ರೂಮ್'. ಪ್ಯಾನೆಲ್‌ಗೂ ಅದೇ ಹೋಯಿತು. ನಡುರಾತ್ರಿ ಓಡುವವನು ಅವನು ತಾನೇ?

ಮ್ಯಾನೇಜರ್‌ಗೆ ಹೂಟರ್ ಸದ್ದಿನ ಚಿಂತೆ. "ಸ್ವಲ್ಪ ಕಮ್ಮಿ ಇಡಿ ಮಾರಾಯ್ರೇ, ಗೆಸ್ಟ್‌ಗಳು ಹೆದರ್ತಾರೆ" ಅಂದರು. ರೂಮಿನ ಬಾಗಿಲು ಹಾಕಿ, ದಿಂಬಿನ ಹತ್ತಿರ ಮೀಟರ್ ಹಿಡಿದು ತೋರಿಸಿದೆ. ಮಲಗಿದವರು ಏಳಬೇಕಾದರೆ ಅಲ್ಲಿ 75 ಡೆಸಿಬಲ್ ಬೇಕು. ಕಾರಿಡಾರ್‌ನ ಹೂಟರ್ ಕೊನೆಯ ಎರಡು ರೂಮಿಗೆ ಸಾಲುತ್ತಿರಲಿಲ್ಲ. ಕಮ್ಮಿ ಮಾಡುವ ಮಾತು ಬಿಟ್ಟು, ಅಲ್ಲಿಗೆ ಇನ್ನೊಂದು ಹೂಟರ್ ಸೇರಿಸಲು ಒಪ್ಪಿದರು.

ಉಳಿದಿದ್ದು ಲಿಫ್ಟ್. ಅಲಾರಂ ಬಂದಾಗ ಅದು ಕೆಳಗಿಳಿದು ಬಾಗಿಲು ತೆರೆದು ನಿಲ್ಲಬೇಕು. ನಮ್ಮ ರಿಲೇಯಿಂದ (ಅಲಾರಂ ಬಂದಾಗ ತಾನೇ ಆನ್ ಆಗುವ ಸ್ವಿಚ್) ಸಿಗ್ನಲ್ ಹೋಗುವುದನ್ನು ಮೀಟರ್‌ನಲ್ಲಿ ನೋಡಿದ್ದಾಯಿತು, ಆದರೆ ಲಿಫ್ಟ್ ಕಂಪನಿಯವರು ಎದುರಿಗಿಲ್ಲದೆ ಅವರ ಬೋರ್ಡ್ ಮುಟ್ಟುವಂತಿಲ್ಲ. ಫೋನ್ ಮಾಡಿದರೆ ಸೋಮವಾರ ಬರ್ತೀವಿ ಅಂದರು. ಕಮಿಷನಿಂಗ್ ಕೂಡ ಸೋಮವಾರಕ್ಕೇ ಇಟ್ಟೆವು.